ಆಂಗ್ಲ ಶಬ್ದಸಂಗ್ರಹಕ್ಕೆ ಧಾತುಮಾರ್ಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತು ಸ್ಪರ್ಧಾಪರೀಕ್ಷೆಗಳಿಗೆ ಅಣಿಯಾಗುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆಂಗ್ಲ ಶಬ್ದಗಳೆಂದರೆ ಅಂಜಿಕೆ. ಈ ಅಂಜಿಕೆ ನಿರಾಧಾರವಾದುದಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ, ಸಾಮಾನ್ಯ ಅಧ್ಯಯನ ಮೊದಲಾದ ಪತ್ರಿಕೆಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೆ 300 ಅಂಕಗಳ ಆಂಗ್ಲ ಪತ್ರಿಕೆಯಲ್ಲಿ ಶೇಕಡಾ 25 ಅಂಕಗಳು ಬಾರದಿದ್ದರೆ ಆ ಉತ್ತರಪತ್ರಿಕೆಗಳ ಮೌಲ್ಯಮಾಪನವೇ ನಡೆಯದು. ಉಳಿದೆಲ್ಲ ಪರಿಶ್ರಮವೂ ಈ ಹೊಸ್ತಿಲನ್ನು ದಾಟಿದ ಮೇಲೆಯೇ ಫಲಿಸತಕ್ಕದ್ದು.

ಇದಕ್ಕೆಂದು ಅನೇಕರು ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವರು. ಒಂದಕ್ಕೊಂದು ಸಂಬಂಧವಿಲ್ಲದ ಶಬ್ದಗಳು ಮನಸ್ಸಿನಲ್ಲಿ ನಿಲ್ಲವು. ನಮ್ಮ ವೈಯಾಕರಣರು ತೋರಿದ ಮಾರ್ಗವು ಬೇರೆಯಾದುದು. ಅವರು ಶಬ್ದವನ್ನು ಧಾತು, ಉಪಸರ್ಗ, ಪ್ರತ್ಯಯಗಳಾಗಿ ಬಿಡಿಸಿ ನೋಡಿದರು. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದೊಳಗೆ ಕನ್ನಡದ ಧಾತುಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಸಂಸ್ಕೃತದಲ್ಲಿ ಒಯ್ಯು, ತೆಗೆದುಕೊಳ್ಳು ಎಂಬರ್ಥದ 'ಹೃ' ಧಾತುವೊಂದರಿಂದಲೇ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳು ಹುಟ್ಟಿದುದನ್ನು ವಿದ್ಯಾರ್ಥಿಗಳು ಬಲ್ಲರು.

ಆಂಗ್ಲ ಭಾಷೆಯ ಪ್ರೌಢ ಶಬ್ದಗಳಲ್ಲಿ ಬಹುಭಾಗ ಲ್ಯಾಟಿನ್, ಗ್ರೀಕ್ ಮೂಲದವು. ಅವುಗಳ ರಚನೆಯೂ ಹೀಗೆಯೇ ಇದೆ. ಲ್ಯಾಟಿನ್ನಿನಲ್ಲಿ 'ಪೋರ್ತ್' ಎಂದರೆ ಹೊರು, ಒಯ್ಯು. ಇಂಡಿಯ ನಿಂಬೆ ಪರದೇಶಕ್ಕೆ ಹೋದರೆ ಎಕ್ಸ್‌ಪೋರ್ಟ್, ಹೊರಗೆ ಒಯ್ಯುವುದು. ಒಳಗೆ ತರುವುದು ಇಂಪೋರ್ಟ್. ಒಂದೆಡೆಯಿಂದ ಆಚೆಗೆ ಸಾಗಿಸುವುದು ಟ್ರಾನ್ಸ್‌ಪೋರ್ಟ್. ಸುದ್ದಿಯನ್ನು ಮರಳಿ ತಂದೊಪ್ಪಿಸುವುದು ರಿಪೋರ್ಟ್. ಕೆಳಗಿನಿಂದ ಹೊರುವುದು ಸಪೋರ್ಟ್.

ಆಲಮಟ್ಟಿ ಜಲಾಶಯದ ದೆಸೆಯಿಂದ 'ಮುಳುಗಡೆ' ಎಂಬುದು ಕೃಷ್ಣಾತೀರದ ಮನೆಮಾತಾಗಿದೆ. 'ಮೆರ್ಗ್' ಎಂಬ ಲ್ಯಾಟಿನ್ ಧಾತುವಿಗೆ ಮುಳುಗಿಸು ಎಂದರ್ಥ. ಸಬ್‌ಮರ್ಜ್ ಎಂದರೆ ನೀರಿನ ಕೆಳಗೆ ಹೋಗುವುದು; ಎಮರ್ಜ್ ಎಂದರೆ ಮೇಲೆದ್ದು ಬರುವುದು; ಅನಿರೀಕ್ಷಿತವಾಗಿ ಎದ್ದು ಬಂದುದು ಎಮರ್ಜೆನ್ಸಿ. ಮುಳುಗಡೆಯ ಕಾಗದಪತ್ರಗಳಲ್ಲಿ ಕಾಣುವ ಕಾಂಪೆನ್ಸೇಷನ್ ಎಂಬುದರ ಮೂಲಾರ್ಥವು ಒಂದರೊಡನೆ ಇನ್ನೊಂದನ್ನು ಇಟ್ಟು ತೂಗುವುದು. ಹೋದುದಕ್ಕೆ ಸಮನಾದುದನ್ನು ಕೊಡಬೇಕೆಂಬ ನ್ಯಾಯವು ಶಬ್ದದೊಳಗೇ ಇದೆ. ಎಕ್ಸ್‌ಪೆನ್ಸ್, ಪೆನ್ಷನ್‌ಗಳಲ್ಲಿಯೂ ತೂಗುವ ಅರ್ಥವೇ ಅಡಗಿದೆ. ಪೂರ್ವದಲ್ಲಿ ಹಣವನ್ನು ತೂಗಿ ಕೊಡುತ್ತಿದ್ದರು.

ಸಂಧಿಜ್ಞಾನವೂ ಇಲ್ಲಿ ನೆರವಾಗುವುದು. ಉತ್ ಮತ್ತು ಲೇಖ ಕೂಡಿ ಉಲ್ಲೇಖವಾಗುವಂತೆ, ಇಲ್ಲ ಎಂಬರ್ಥದ 'ಇನ್' ಎಂಬುದು ಲೀಗಲ್‌ನೊಡನೆ ಕೂಡಿ ಇಲ್ಲೀಗಲ್ ಆಗುವುದು. ಪಾಸಿಬಲ್‌ನೊಡನೆ ಇಂಪಾಸಿಬಲ್, ರೆಗ್ಯುಲರ್‌ನೊಡನೆ ಇರ್ರೆಗ್ಯುಲರ್ ಆಗುವುದು. ಈ ನಿಯಮ ತಿಳಿದವನಿಗೆ ಕಾಗುಣಿತದ ಗೊಂದಲವೂ ಕಡಿಮೆಯಾಗುವುದು.

ಆದರೆ ಒಂದು ಎಚ್ಚರಿಕೆ ಬೇಕು. ಇನ್ನೊಂದು 'ಇನ್' ಉಂಟು. ಅದಕ್ಕೆ ಒಳಗೆ ಎಂದರ್ಥ. ಪೆಟ್ರೋಲ್ ಟ್ಯಾಂಕರಿನ ಮೇಲೆ ಬರೆದ ಇನ್‌ಫ್ಲೇಮಬಲ್ ಎಂಬುದನ್ನು 'ಉರಿಯದು' ಎಂದು ಬಿಡಿಸಿದರೆ ಅಪಾಯ. ಅದರರ್ಥ ಬೇಗ ಹೊತ್ತಿಕೊಳ್ಳುವಂಥದು. ಆದುದರಿಂದ ಧಾತುವಿನಿಂದ ಅರ್ಥವನ್ನು ಊಹಿಸಬೇಕು, ನಿಘಂಟಿನಿಂದ ಅದನ್ನು ನಿಶ್ಚಯಿಸಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದಕ್ಕೆ ಉತ್ತಮ ಸಾಧನ.

ವಿದ್ಯಾರ್ಥಿಗಳು ಒಂದು ವಹಿಯನ್ನಿಟ್ಟು ಪುಟಕ್ಕೊಂದು ಧಾತುವನ್ನು ಬರೆಯಲಿ. ಅದರ ಕೆಳಗೆ ದಿನಕ್ಕೆ ಐದು ಶಬ್ದಗಳು, ಪ್ರತಿಯೊಂದಕ್ಕೂ ಸ್ವಂತದ ಒಂದು ವಾಕ್ಯ. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಪುಸ್ತಕ ಮುಚ್ಚಿ ನೆನೆಯಲಿ. ಮರೆತುದಕ್ಕೆ ಗುರುತು ಹಾಕಲಿ. ವರ್ಷವೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಶಬ್ದಗಳು ಕೈವಶವಾಗುವವು. ಕನ್ನಡ ವ್ಯಾಕರಣವನ್ನು ಶ್ರದ್ಧೆಯಿಂದ ಓದಿದವನು ಈ ಕೆಲಸದಲ್ಲಿ ಯಾರಿಗೂ ಹಿಂದುಳಿಯಬೇಕಾಗಿಲ್ಲ.