ಭಯ, ಬಾಟಲಿ ಮತ್ತು ಒಂದು ಫೀಡ್‌ಬ್ಯಾಕ್ ಲೂಪ್

ಮೈಕನ್ನು ಸ್ಪೀಕರ್ ಹತ್ತಿರ ಹಿಡಿದ್ರೆ ಕುಂಯ್ ಅಂತ ಕಿರುಚುತ್ತಲ್ಲ? ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಜೋರಾಗ್ತಾ ಹೋಗುತ್ತೆ. ಇದೇ ಪಾಸಿಟಿವ್ ಫೀಡ್‌ಬ್ಯಾಕ್. ಮನುಷ್ಯನ ಒಳಗೂ ಇಂಥ ಲೂಪ್ ಇರುತ್ತೆ ಅನ್ನೋದನ್ನ ನಾವು ನೋಡಿದ್ದು ಮಸೂತಿಯಲ್ಲಿ.

ಮಸೂತಿ ವಿಜಯಪುರ ಜಿಲ್ಲೆಯಲ್ಲಿ, ಕೂಡಗಿ ವಿದ್ಯುತ್ ಸ್ಥಾವರದ ಹತ್ತಿರದ ಊರು. ಅಲ್ಲಿನ ನಮ್ಮ ಗೆಳೆಯನಿಗೆ ಇಂಟರ್ವ್ಯೂ ಅಂದ್ರೆ ಕೈ ನಡುಗುತ್ತೆ, ಮಾತು ನಿಂತುಹೋಗುತ್ತೆ. "ಒಂದ್ ಪೆಗ್ ಹಾಕಲೇ, ಟೆನ್ಶನ್ ಹೋಗ್ತದ" ಅಂದವರು ನಾವೇ.

ಆ ದಿನ ಟೆನ್ಶನ್ ಹೋಯ್ತು, ನಿಜ. ಮಿದುಳಿಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಮದ್ಯ ಹೆಚ್ಚಿಸುತ್ತದೆ. ಆದರೆ ದಿನಾ ಕುಡಿದರೆ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಬ್ರೇಕನ್ನೇ ಸಡಿಲ ಮಾಡ್ಕೊಳ್ಳುತ್ತೆ. ನಶೆ ಇಳಿದಾಗ ಭಯ ಮೊದಲಿಗಿಂತ ಹೆಚ್ಚು. ಅದಕ್ಕೆ ಮತ್ತೊಂದು ಪೆಗ್.

ಈ ಲೂಪ್ ಕತ್ತರಿಸಲು ಬಳಸುವ ಒಂದು ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ. ಚಿಕಿತ್ಸಕರ ಜೊತೆ ಮಾಡುವ ಮುಖ್ಯ ಕೆಲಸ ಮೂರು:

1. ಬರೆಯುವುದು: ಯಾವಾಗ ಭಯ ಬಂತು, ಏನು ಅನ್ನಿಸಿತು, ಎಷ್ಟು ಕುಡಿದೆ, ಮರುದಿನ ಹೇಗಿತ್ತು.
2. ಪ್ರಶ್ನಿಸುವುದು: "ಕುಡಿಯದಿದ್ರೆ ನನ್ನ ಕೈಲಿ ಆಗಲ್ಲ" ಅನ್ನೋದು ನಿಜವಾ?
3. ಎದುರಿಸುವುದು: ಕುಡಿಯದೆ, ಮೊದಲು ಒಬ್ಬರ ಮುಂದೆ, ಆಮೇಲೆ ಐದು ಜನರ ಮುಂದೆ ಮಾತಾಡೋದು.

ಅಮೆರಿಕದಲ್ಲಿ ಮ್ಯಾಟ್ ಕುಷ್ನರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ತೊಂದರೆ ಇದ್ದ 344 ಜನರಿದ್ದರು. ಎಲ್ಲರೂ ಕುಡಿತ ಬಿಡುವ ಚಿಕಿತ್ಸೆಯಲ್ಲಿದ್ದವರೇ. ಜೊತೆಗೆ ಕೆಲವರಿಗೆ ಸಿಬಿಟಿ, ಉಳಿದವರಿಗೆ ಸ್ನಾಯು ಸಡಿಲಿಸುವ ಅಭ್ಯಾಸ ಕೊಟ್ಟರು. ಆತಂಕ ಎರಡೂ ಗುಂಪಿನಲ್ಲಿ ಇಳಿಯಿತು. ಆದರೆ ನಾಲ್ಕು ತಿಂಗಳ ನಂತರ ಕುಡಿತದ ವಿಷಯದಲ್ಲಿ ಚೆನ್ನಾಗಿದ್ದವರು ಸಿಬಿಟಿ ಗುಂಪಿನವರು. ಅಂದ್ರೆ ಭಯ ಇಳಿದರಷ್ಟೇ ಸಾಲದು. ಭಯಕ್ಕೂ ಬಾಟಲಿಗೂ ನಡುವಿನ ವೈರ್ ಕತ್ತರಿಸಬೇಕು.

ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವವರು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ್ ಸಲಹೆ ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಅಷ್ಟು ದೂರ ಹೋಗೋಕೆ ಆಗದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಸಹಾಯವಾಣಿ ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ಸಲ ಮಸೂತಿಗೆ ಹೋದಾಗ ನಾವು ಪೆಗ್ಗಿನ ಮಾತು ಎತ್ತಲಿಲ್ಲ. ಗೆಳೆಯನ ಪಕ್ಕ ಕೂತು ಆ ನಂಬರಿಗೆ ಫೋನ್ ಹಚ್ಚಿದ್ವಿ. ಮೊದಲು ಅವನ ದನಿ ನಡುಗಿತು. "ನೀವ್ ಹೊರಗ ಹೋಗ್ರಿ, ನಾ ಮಾತಾಡ್ತೀನಿ" ಅಂದ. ನಾವು ಹೊರಗೆ ಕಟ್ಟೆ ಮೇಲೆ ಕೂತು ಕಾದ್ವಿ.