ನಮೂದನ್ನು ಹುಡುಕುವ ಕ್ರಮ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಹೊಲದ ದಾಖಲೆಗೆ ಜನರು ಇಂದಿಗೂ ‘ಉತಾರ’ ಎನ್ನುತ್ತಾರೆ. 1956ಕ್ಕೆ ಮುಂಚೆ ಈ ಸೀಮೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದುದರ ಗುರುತು ಆ ಮಾತಿನಲ್ಲಿ ಉಳಿದುಕೊಂಡಿದೆ. ಕಚೇರಿಯ ಭಾಷೆಯಲ್ಲಿ ಅದರ ಹೆಸರು ಪಹಣಿ. ಬಿತ್ತನೆಗೆ ಸಾಲ ಬೇಕಾದಾಗ, ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವಾಗ, ಬೆಳೆ ಹಾಳಾಗಿ ಪರಿಹಾರ ಕೇಳುವಾಗ ರೈತನು ಮೊದಲು ಉತಾರವನ್ನು ತರಬೇಕಾಗುತ್ತದೆ. ಲಕ್ಷಾಂತರ ಉತಾರಗಳ ನಡುವೆ ಅವನದೊಂದೇ ಅವನ ಕೈಗೆ ಬರುವುದು ಹೇಗೆ?

‘ಸರ್ವೆ ನಂಬರು 12’ ಎಂದಷ್ಟೇ ಹೇಳಿದರೆ ಸಾಲದು. ಹನ್ನೆರಡನೆಯ ನಂಬರಿನ ಹೊಲವು ಹಳ್ಳಿ ಹಳ್ಳಿಯಲ್ಲಿಯೂ ಇರುತ್ತದೆ. ಆದುದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದರ ಕೆಳಗೊಂದಾಗಿ ಹೇಳಬೇಕು. ಇವೆಲ್ಲ ಕೂಡಿದಾಗ ಮಾತ್ರ ಒಂದು ಹೊಲಕ್ಕೆ ಒಂದೇ ಹೆಸರು ದೊರೆಯುತ್ತದೆ. ಹಿಂದೆ ಈ ದಾಖಲೆಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಪುಟ ತಿರುವುವ ಕೆಲಸ ಆಗ ಯಂತ್ರದ ಪಾಲಿಗೆ ಬಂದಿತು. ಕೇಳುವ ಕ್ರಮ ಮಾತ್ರ ಹಳೆಯದೇ ಆಗಿ ಉಳಿಯಿತು.

ಗಣಕಯಂತ್ರದ ತಂತ್ರಾಂಶವನ್ನು ಕಟ್ಟುವವರೂ ಇಂಥದೇ ಒಂದು ಪುಸ್ತಕವನ್ನು ಇಟ್ಟುಕೊಂಡಿರುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಅದನ್ನು ಸಿದ್ಧಪಡಿಸುವ ಮುನ್ನ ಯಾವ ಯಾವ ಭಾಗಗಳು ಬೇಕು, ಯಾವುವು ಬೇಡ ಎಂಬುದನ್ನು ಒಂದು ಕಡತದಲ್ಲಿ ಬರೆದಿಡುತ್ತಾರೆ. ಒಂದು ಸಾಲಿಗೆ ಒಂದು ನಮೂದು. ಎಡಕ್ಕೆ ಹೆಸರು, ನಡುವೆ ಸಮಚಿಹ್ನೆ, ಬಲಕ್ಕೆ ಬೆಲೆ. ‘ಕಾನ್ಫಿಗ್_ಯುಎಸ್‌ಬಿ=ವೈ’ ಎಂಬ ಸಾಲಿನ ಅರ್ಥ, ಯುಎಸ್‌ಬಿ ಭಾಗವು ಬೇಕು ಎಂದು. ಇಂಥ ಸಾಲುಗಳು ಒಂದು ಕಡತದಲ್ಲಿ ಸಾವಿರಾರು ಇರುತ್ತವೆ.

ಈ ಕಡತದಲ್ಲಿ ಹುಡುಕುವ ಆಳು ಶೆಲ್. ಕರ್ನಲ್ ಎಂದರೆ ಕಾಳು, ಶೆಲ್ ಎಂದರೆ ಅದರ ಮೇಲಿನ ಸಿಪ್ಪೆ. ಶೇಂಗಾ ಬೆಳೆಯುವ ನಾಡಿನವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನು ಬರೆದ ಆಜ್ಞೆಯನ್ನು ಓದಿ ಒಳಗಿನ ಕರ್ನಲ್‌ನಿಂದ ಕೆಲಸ ಮಾಡಿಸುವುದು ಶೆಲ್ಲಿನ ಕರ್ತವ್ಯ. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ 1979ರಲ್ಲಿ ಯುನಿಕ್ಸ್ ವ್ಯವಸ್ಥೆಯೊಡನೆ ಹೊರಬಂದಿತು. ಮುಂದೆ 1984ರ ಹೊತ್ತಿಗೆ ಶೆಲ್ಲಿಗೆ ‘ಫಂಕ್ಷನ್’ ಎಂಬ ಸೌಕರ್ಯವೂ ಸೇರಿತು. ಕೆಲವು ಆಜ್ಞೆಗಳನ್ನು ಒಟ್ಟುಗೂಡಿಸಿ ಅವಕ್ಕೊಂದು ಹೆಸರಿಟ್ಟರೆ ಅದು ಫಂಕ್ಷನ್. ಬಳಿಕ ಆ ಹೆಸರನ್ನು ಕರೆದು, ಬೇಕಾದ ನಮೂದನ್ನು ಅದರ ಕೈಗೆ ಕೊಟ್ಟರಾಯಿತು. ಹುಡುಕುವ ವಿವರವನ್ನು ಪ್ರತಿ ಸಲವೂ ಹೊಸದಾಗಿ ಬರೆಯಬೇಕಾಗಿಲ್ಲ.

ಹುಡುಕುವುದಕ್ಕೆ ಫಂಕ್ಷನ್ನಿನ ಒಳಗೆ ಬಳಸುವ ಸಲಕರಣೆ ‘ಗ್ರೆಪ್’. ಇದೂ ಬೆಲ್ ಪ್ರಯೋಗಾಲಯದ್ದೇ. ಕೆನ್ ಥಾಂಪ್ಸನ್ ಇದರ ಕರ್ತೃ. ಒಂದು ಮಾತನ್ನು ಕೊಟ್ಟರೆ, ಆ ಮಾತು ಇರುವ ಸಾಲುಗಳನ್ನೆಲ್ಲ ಗ್ರೆಪ್ ಎತ್ತಿ ತೋರಿಸುತ್ತದೆ. ಕಷ್ಟ ಹುಟ್ಟುವುದು ಈ ‘ಎಲ್ಲ’ದಲ್ಲಿಯೇ. ‘ಕಾನ್ಫಿಗ್_ಯುಎಸ್‌ಬಿ’ ಎಂದು ಕೇಳಿದರೆ, ‘ಕಾನ್ಫಿಗ್_ಯುಎಸ್‌ಬಿ_ಸ್ಟೋರೇಜ್’ ಎಂಬ ಬೇರೊಂದು ನಮೂದೂ ಬಂದು ನಿಲ್ಲುತ್ತದೆ. 12 ಎಂಬ ಅಂಕೆಗಳಿರುವ ಉತಾರವನ್ನು ತಾ ಎಂದರೆ 112, 120, 212ನೆಯ ನಂಬರಿನವೂ ಬಂದಂತೆ. ಅಪರಿಚಿತನ ಹೊಲದ ಉತಾರ ಹಿಡಿದು ರೈತನು ಬ್ಯಾಂಕಿಗೆ ಹೋದರೆ ಏನಾದೀತು? ಆದಕಾರಣ ಬಲ್ಲವರು ಹೆಸರಿನ ಎರಡು ತುದಿಗಳನ್ನೂ ಕಟ್ಟುತ್ತಾರೆ: ಸಾಲಿನ ಮೊದಲಲ್ಲೇ ಹೆಸರು ಆರಂಭವಾಗಬೇಕು, ಹೆಸರು ಮುಗಿದ ಒಡನೆ ಸಮಚಿಹ್ನೆ ಬರಬೇಕು. ಹೀಗೆ ಕಟ್ಟಿದ ಮೇಲೆ ನೆರೆಹೊರೆಯ ನಮೂದುಗಳು ನುಸುಳಲಾರವು.

ಚಿಹ್ನೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಭೂಮಿಯ ದಾಖಲೆಯಲ್ಲಿ ಸರ್ವೆ ನಂಬರಿಗೂ ಹಿಸ್ಸೆಗೂ ನಡುವೆ ‘ಸರ್ನಾಕ್’ ಎಂಬ ಒಂದು ಮನೆಯಿದೆ. ಬಹುತೇಕ ಉತಾರಗಳಲ್ಲಿ ಅಲ್ಲಿ ಕಾಣುವುದು ಒಂದು ನಕ್ಷತ್ರ ಮಾತ್ರ. ಅಲ್ಲಿ ಬರೆಯತಕ್ಕ ಬೇರೆ ಗುರುತಿಲ್ಲ ಎಂದು ಅದರ ತಾತ್ಪರ್ಯ. ಶೆಲ್ಲಿಗೋ ನಕ್ಷತ್ರವೆಂದರೆ ‘ಏನಿದ್ದರೂ ಸರಿ’ ಎಂದರ್ಥ. ಗ್ರೆಪ್‌ಗೆ ಅದೇ ನಕ್ಷತ್ರವು ‘ಹಿಂದಿನ ಅಕ್ಷರ ಎಷ್ಟು ಸಲವಾದರೂ ಬರಲಿ’ ಎಂಬ ಸೂಚನೆ. ಒಂದೇ ಚಿಹ್ನೆ, ಮೂರು ಕಚೇರಿ, ಮೂರು ಅರ್ಥ!

ಇಷ್ಟೆಲ್ಲ ಸರಿಯಾದರೂ ಇನ್ನೊಂದು ತೊಡಕು ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಅದೇ. ಕೇಳಿದ ನಮೂದು ಸಿಗದಿದ್ದರೆ ಫಂಕ್ಷನ್ ಏನೆಂದು ಉತ್ತರಿಸಬೇಕು? ಉತಾರದ ಹನ್ನೊಂದನೆಯ ಅಂಕಣದಲ್ಲಿ ಹೊಲದ ಮೇಲಿನ ಋಣಗಳನ್ನು ಬರೆಯುತ್ತಾರೆ. ಉತಾರ ಸಿಕ್ಕಿ ಆ ಅಂಕಣ ಬರಿದಾಗಿದ್ದರೆ, ದಾಖಲೆಯ ಪ್ರಕಾರ ಹೊಲದ ಮೇಲೆ ಸಾಲವಿಲ್ಲ. ಉತಾರವೇ ಸಿಗದಿದ್ದರೆ ಸಾಲದ ವಿಷಯವಾಗಿ ಏನೂ ತಿಳಿದಂತಾಗಲಿಲ್ಲ. ಎರಡನ್ನೂ ‘ಇಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುವ ಗುಮಾಸ್ತನು ಸುಳ್ಳಾಡದೆಯೇ ಅನರ್ಥ ಮಾಡಿಬಿಡುತ್ತಾನೆ. ಅವನ ಮಾತನ್ನು ನಂಬಿದವನು ಸಾಲದಲ್ಲಿ ಮುಳುಗಿದ ಹೊಲವನ್ನು ಕೊಂಡುಕೊಂಡಾನು.

ಲಿನಕ್ಸ್ ಕಟ್ಟಿದವರು ಈ ಭೇದವನ್ನು ಚೆನ್ನಾಗಿ ಕಂಡುಕೊಂಡಿದ್ದಾರೆ. ಬೇಡವಾದ ಭಾಗದ ಹೆಸರನ್ನು ಅವರು ಕಡತದಿಂದ ಅಳಿಸಿಹಾಕುವುದಿಲ್ಲ. ‘ಇದನ್ನು ಆರಿಸಿಲ್ಲ’ ಎಂಬ ಟಿಪ್ಪಣಿಯ ಸಾಲನ್ನು ಬರೆಯುತ್ತಾರೆ. ಕರ್ನಲ್ಲಿನ ಮೂಲ ಕಡತಗಳ ಜೊತೆಗೆ ಬರುವ, ಶೆಲ್ ಭಾಷೆಯಲ್ಲಿಯೇ ಬರೆದ ‘ಕಾನ್ಫಿಗ್’ ಎಂಬ ಪುಟ್ಟ ಸಲಕರಣೆಯೊಂದಿದೆ. ಒಂದು ನಮೂದಿನ ಸ್ಥಿತಿಯನ್ನು ಕೇಳಿದರೆ ಅದು ಮೊದಲು ಆ ಟಿಪ್ಪಣಿಯನ್ನು ಅರಸುತ್ತದೆ. ಸಿಕ್ಕಿದರೆ ‘ಎನ್’ ಎನ್ನುತ್ತದೆ, ಎಂದರೆ ಬೇಡವೆಂದು ನಿರ್ಧಾರವಾಗಿದೆ. ಇಲ್ಲವಾದರೆ ಹೆಸರಿನ ಸಾಲನ್ನು ಹುಡುಕಿ ಅದರ ಬೆಲೆಯನ್ನು ಹೇಳುತ್ತದೆ. ಎರಡೂ ಸಿಗದಿದ್ದಾಗ ‘ಅನ್‌ಡೆಫ್’ ಎನ್ನುತ್ತದೆ; ಆ ಹೆಸರಿನ ನಮೂದೇ ಈ ಕಡತದಲ್ಲಿಲ್ಲ ಎಂದರ್ಥ.

ಈ ಮೂರನೆಯ ಉತ್ತರ ಬಂದಾಗ ಹೆಸರನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು. ಹೆಸರುಗಳು ಸ್ಥಿರವಲ್ಲ. ಹಳೆಯ ಕಾಲದ ಡಿಸ್ಕುಗಳಿಗೆಂದು ಲಿನಕ್ಸಿನಲ್ಲಿದ್ದ ‘ಐಡಿಇ’ ಭಾಗವನ್ನು 2021ರ 5.14ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು. ಇಂದಿನ ಕಡತದಲ್ಲಿ ಆ ಹೆಸರನ್ನು ಕೇಳಿದರೆ ಸಿಗುವುದು ‘ಅನ್‌ಡೆಫ್’ ಮಾತ್ರ. ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಹೆಸರುಗಳು ಬದಲಾಗಿವೆ. 2014ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ವಿಜಯಪುರವಾಯಿತು. 2017ರಲ್ಲಿ ರಾಜ್ಯದ ಆಯವ್ಯಯದಲ್ಲಿ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಚಡಚಣದ ಪಾಲಿಗೆ ಬಂದ ಹಳ್ಳಿಯ ರೈತನು ತನ್ನ ತಂದೆಯ ಕಾಲದ ಕಾಗದವನ್ನು ನೋಡಿ ಇಂಡಿಯ ಹೆಸರಿನಡಿಯಲ್ಲಿ ಉತಾರವನ್ನು ಅರಸಿದರೆ ಅದು ಸಿಗದಿರಬಹುದು. ಹೊಲವು ಇದ್ದಲ್ಲಿಯೇ ಇರುತ್ತದೆ, ಬದುವೂ ಕದಲಿರುವುದಿಲ್ಲ. ಅವನು ತಾಲ್ಲೂಕಿನ ಮನೆಯಲ್ಲಿ ಹೊಸ ಹೆಸರನ್ನು ಬರೆದು ಮತ್ತೊಮ್ಮೆ ಕೇಳಬೇಕು.