ಎಲೆಚುಕ್ಕಿಯ ಚಿತ್ರ ಕಳುಹಿಸುವ ಮುನ್ನ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದಂದಿನಿಂದ ನಮಗೆ ದಿನವೂ ನಿಮ್ಮ ಪ್ರಶ್ನೆಗಳು ಬರುತ್ತಿವೆ. ಕೃಷಿ ವಿಶ್ವವಿದ್ಯಾನಿಲಯಗಳ ಮಾಹಿತಿ ವಿಭಾಗದಲ್ಲಿ ಕೆಲಸ ಹೇಗೆ ಬದಲಾಗಿದೆ ಎಂಬುದನ್ನು ನೀವು ತಿಳಿದಿರುವುದು ಒಳ್ಳೆಯದು. ನಿಮಗೆ ಸಿಗುವ ಉತ್ತರ ಅದನ್ನು ಅವಲಂಬಿಸಿದೆ.

1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಬಹುಕಾಲ ಮಲೆನಾಡಿನ ಪ್ರಶ್ನೆಗಳು ಅಂಚೆಯಲ್ಲಿ ಹೆಬ್ಬಾಳಕ್ಕೆ ಹೋಗುತ್ತಿದ್ದವು. ಸಂಪಾದಕರು ಕಾಗದ ಓದಿ, ವಿವರ ಸಾಲದಿದ್ದರೆ ಮರಳಿ ಬರೆದು ಕೇಳಿ, ಅನಂತರ ತಜ್ಞರಿಗೆ ಕೊಡುವರು. ಉತ್ತರವನ್ನು ತಿಳಿಗನ್ನಡಕ್ಕೆ ತಂದು, ಚಿತ್ರ ಬರೆಸಿ, ಮೊಳೆ ಜೋಡಿಸಿ ಅಚ್ಚು ಹಾಕುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ತುರ್ತು ಸಲಹೆಗೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಇತ್ತು.

2012ರಲ್ಲಿ ಶಿವಮೊಗ್ಗಕ್ಕೇ ವಿಶ್ವವಿದ್ಯಾನಿಲಯ ಬಂತು. ಈಗ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಅದರ ಆವರಣವಿದೆ. ದೂರವೇನೋ ಕಡಿಮೆಯಾಯಿತು. ಆದರೆ ಮೊಳೆ ಜೋಡಿಸುವವರ, ಚಿತ್ರಕಾರರ ಕಾಲ ಎಲ್ಲೆಡೆ ಮುಗಿದು, ಅವರ ಕೆಲಸವೆಲ್ಲ ತಜ್ಞನ ಮೊಬೈಲಿಗೆ ಇಳಿದಿದೆ. ಪಾಠ, ಪ್ರಯೋಗದ ತಾಕು ಮುಗಿಸಿ ರಾತ್ರಿ ಹತ್ತಕ್ಕೆ ನೋಡಿದರೆ ಮಸುಕಾದ ಒಂದು ಎಲೆಯ ಚಿತ್ರ. ಕೆಳಗೆ ‘ಏನು ಹೊಡೆಯಲಿ ಸಾರ್?’ ಎಂಬ ಸಾಲು. ಮರಳಿ ಬರೆದು ಕೇಳುತ್ತಿದ್ದ ಸಂಪಾದಕರು ನಡುವೆ ಇಲ್ಲ.

ನಾನೂ ಒಮ್ಮೆ ಹೀಗೆ ಚಿತ್ರ ನೋಡಿಯೇ ಎಲೆಚುಕ್ಕಿ ಎಂದುಬಿಟ್ಟೆ. ತೋಟಕ್ಕೆ ಹೋಗಿ ಕಂಡಾಗ ಅದು ಪೊಟ್ಯಾಷ್ ಕೊರತೆ. ಅಷ್ಟರಲ್ಲಿ ಆ ರೈತರು ಔಷಧಿಗೂ ಕೊನೆಗಾರರ ಕೂಲಿಗೂ ಹಣ ಸುರಿದಾಗಿತ್ತು. ಮರಕ್ಕೆ ವರ್ಷಕ್ಕೆ ಶಿಫಾರಸಾದ 140 ಗ್ರಾಂ ಪೊಟ್ಯಾಷ್ ಕೊಟ್ಟಿದ್ದೀರಾ ಎಂದು ನಾನು ಮೊದಲೇ ಕೇಳಬೇಕಿತ್ತು. ಎರಡರಲ್ಲೂ ಕೆಳಗಿನ ಹಳೆಯ ಸೋಗೆಗಳೇ ಮೊದಲು ಕೆಡುತ್ತವೆ. ಎಲೆಚುಕ್ಕಿಯಲ್ಲಿ ಕಂದು ಚುಕ್ಕಿ, ಅದರ ಸುತ್ತ ಹಳದಿ ಅಂಚು ಕಾಣುತ್ತದೆ. ಮಸುಕು ಚಿತ್ರದಲ್ಲಿ ಈ ಅಂಚೇ ಕಾಣದು.

ಆದುದರಿಂದ ಹಗಲು ಬೆಳಕಿನಲ್ಲಿ ಇಡೀ ಮರದ ಒಂದು ಚಿತ್ರ, ಎಲೆಯ ಎರಡೂ ಬದಿಯ ಹತ್ತಿರದ ಚಿತ್ರ ತೆಗೆಯಿರಿ. ಊರು, ಮರದ ವಯಸ್ಸು, ಎಷ್ಟು ಮರಗಳಲ್ಲಿ ಕಂಡಿದೆ, ಯಾವ ಗೊಬ್ಬರ ಎಷ್ಟು ಹಾಕಿದಿರಿ, ಕೊನೆಯ ಸಿಂಪಡಣೆ ಯಾವಾಗ ಎಂಬುದನ್ನು ಜೊತೆಗೆ ಬರೆಯಿರಿ. ಆಮೇಲೂ ಅನುಮಾನ ಉಳಿದರೆ, ಚುಕ್ಕಿಯೂ ಹಸಿರೂ ಎರಡೂ ಇರುವ ಎಲೆಯ ತುಂಡನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಇರುವಕ್ಕಿಗೆ ಅಂದೇ ತಲುಪಿಸಿ. ಪ್ಲಾಸ್ಟಿಕ್ ಚೀಲ ಬೇಡ. ಮಳೆಗಾಲದಲ್ಲಿ ದಾರಿಯಲ್ಲೇ ಕೊಳೆಯುತ್ತದೆ.